ಗೋಡೆಗೆ ಕೊಟ್ಟ ಬಿಸಿ

ನಮ್ಮೂರಲ್ಲಿ ಯಾರೂ ನಾಲಿಗೆ ಸುಟ್ಟುಕೊಳ್ಳುವುದಿಲ್ಲ. ಅನ್ನವನ್ನು ಊದಿ ತಿನ್ನುವುದು ಹೇಗೆಂದು ಇಲ್ಲಿನ ಮಕ್ಕಳಿಗೆ ಗೊತ್ತೇ ಇಲ್ಲ. ಯಾವಾಗಲಾದರೂ ಪಡುವಣ ಊರುಗಳಿಂದ ನೆಂಟರು ಬಂದು, ಅಭ್ಯಾಸಬಲದಿಂದ ಕಾಫಿ ಲೋಟಕ್ಕೆ ಉಫ್ ಉಫ್ ಎಂದು ಊದಿದರೆ ನಮ್ಮ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತವೆ. ನಾವು ಕಾಫಿಯನ್ನು ನೀರಿನ ಹಾಗೆ ಗಟಗಟ ಕುಡಿದು ಲೋಟ ಕೆಳಗಿಡುವವರು. ಮುದ್ದೆ, ಸಾರು, ದೋಸೆ, ಮದುವೆ ಮನೆಯ ಪಾಯಸ, ಎಲ್ಲವೂ ಉಗುರುಬೆಚ್ಚಗೆ. ಯಾರಾದರೂ ಬೆಳಿಗ್ಗೆ ತೊದಲುತ್ತ ಮಾತಾಡಿದರೆ ಅಕ್ಕಪಕ್ಕದವರು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ನಾಲಿಗೆ ಸುಟ್ಟಿದೆ ಎಂದರೆ ಕೋಟೆಯ ಪಾಲು ತಪ್ಪಿಸಿ ಬಿಸಿಬಿಸಿ ತಿಂದಿದ್ದಾನೆ ಎಂದೇ ಅರ್ಥ. ನನ್ನ ಕಾಲದಲ್ಲಿ ಹಾಗೆ ಸಿಕ್ಕಿಬಿದ್ದವರು ಇಬ್ಬರೇ. ಇಬ್ಬರ ಒಲೆಗೂ ಒಂದು ವರ್ಷ ಸೀಲು ಬಿತ್ತು.

ದೇಶ ಕಾಯುವುದಕ್ಕೆ ನಾವು ಕೊಡುವುದು ಬಿಸಿಯನ್ನು. ಬೇರೆ ಕಡೆ ದುಡ್ಡು ಕೊಡುತ್ತಾರಂತೆ, ಅದರಿಂದ ಹೇಗೆ ಕಾಯುತ್ತಾರೋ ನನಗೆ ತಿಳಿಯದು. ನಮ್ಮೂರಿನ ಮೂಡಲಿಗೆ ಒಂದು ಉದ್ದನೆಯ ಗೋಡೆಯಿದೆ. ಗೋಡೆಯ ಆಚೆ ಆಚೆಯವರಿದ್ದಾರೆ. ಗೋಡೆ ಕಾದಿದ್ದರೆ ಅವರು ಹತ್ತಿ ಬರಲಾರರು. ಇಷ್ಟು ಗೊತ್ತಿದ್ದರೆ ಇಲ್ಲಿ ಬದುಕು ಮಾಡಬಹುದು. ಒಲೆಯಿಂದ ಇಳಿಸಿದ ಪಾತ್ರೆಗೆ ಮೊದಲು ಕೋಲು ಅದ್ದಬೇಕು. ಗೇಣುದ್ದದ ತಾಮ್ರದ ಕೋಲು, ತುದಿಯಲ್ಲಿ ಗೋಡೆ ನೋಡಿಕೊಳ್ಳುವ ಕೋಟೆಯವರ ಮುದ್ರೆ. ಅದ್ದಿ ಇಪ್ಪತ್ತು ಎಣಿಸಿದರೆ ಪಾತ್ರೆಯ ಬಿಸಿಯಲ್ಲಿ ಅರ್ಧ ಪಾಲು ಕೋಲಿಗೆ ಹೋಗುತ್ತದೆ. ಮಧ್ಯಾಹ್ನ ಚೆಲುವಯ್ಯ ಕಂಬಳಿ ಸುತ್ತಿದ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ಕಾದ ಕೋಲನ್ನು ಇಕ್ಕಳದಲ್ಲಿ ಎತ್ತಿಕೊಂಡು, ತಣ್ಣನೆಯ ಕೋಲು ಕೊಟ್ಟು ಹೋಗುತ್ತಾನೆ. ಮೂವತ್ತು ವರ್ಷದಿಂದ ಅವನದು ಇದೇ ಕೆಲಸ. ಒಂದು ಕೋಲನ್ನೂ ಅವನು ಎಣಿಕೆ ತಪ್ಪಿಸಿದವನಲ್ಲ. ಅವನ ಮುಂದೆ ಸುಳ್ಳು ಹೇಳುವುದಕ್ಕೆ ನಮಗೇ ಅಯ್ಯೋ ಪಾಪ ಎನಿಸುತ್ತದೆ.

ಬಚ್ಚಲ ಹಂಡೆಯ ನೀರಿಗೆ ಮಾತ್ರ ಈ ಪಾಲು ಇರಲಿಲ್ಲ. ತಿನ್ನುವುದಕ್ಕೆ ಅರ್ಧ ಬಿಸಿ, ಮೀಯುವುದಕ್ಕೆ ಪೂರ್ತಿ. ಹಾಗಾಗಿ ನಮ್ಮೂರ ಜನ ಬಚ್ಚಲಿಗೆ ಹೋದರೆ ಬೇಗ ಹೊರಗೆ ಬರುವವರಲ್ಲ. ನನ್ನ ಹೊಟ್ಟೆ ಹೊರೆದದ್ದೂ ಆ ಹಂಡೆಯೇ. ನಾನು ನಿಂಗಾಜಮ್ಮ, ಕೂಸುಗಳಿಗೆ ನೀರು ಹಾಕುವವಳು. ಬಾಣಂತಿ ಇರುವ ಮನೆಗೆ ಬೆಳಿಗ್ಗೆ ಹೋಗಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬೆನ್ನು ತಟ್ಟಿ, ನೀರು ಹೊಯ್ದು, ತಲೆ ದುಂಡಗೆ ಮಾಡಿ, ಮೂಗು ನೆಟ್ಟಗೆ ತಿದ್ದಿ ಕೊಡುತ್ತೇನೆ. ನಲವತ್ತು ವರ್ಷದಿಂದ ಈ ಊರಿನಲ್ಲಿ ಓಡಾಡುವ ಮೂಗುಗಳಲ್ಲಿ ಮುಕ್ಕಾಲು ನನ್ನವು. ಹಂಡೆಗೆ ಕೈ ಅದ್ದಿ ಹದ ನೋಡಿ ನೋಡಿ ನನ್ನ ಅಂಗೈ ಚಕ್ಕಳವಾಗಿದೆ. ಊರಿಗೆಲ್ಲ ಬಿಸಿಯೆಂದರೆ ಏನೆಂದು ಸರಿಯಾಗಿ ಬಲ್ಲ ಕೈ ಇದೊಂದೇ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು.

ನನಗೆ ಮೊದಲಿಂದಲೂ ಒಂದು ಕೆಟ್ಟ ಬುದ್ಧಿ ಇದೆ. ಯಾವುದಾದರೂ ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ಇರಲಾರೆ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಚಿಕ್ಕವಳಿದ್ದಾಗ ಮೋರಿಯ ಜೊತೆಗೇ ನಡೆದುಕೊಂಡು ಹೋಗಿ ಅಪ್ಪನ ಕೈಯಲ್ಲಿ ಏಟು ತಿಂದವಳು ನಾನು. ಕೋಲುಗಳ ಬಿಸಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಚೆಲುವಯ್ಯನನ್ನು ಎಷ್ಟು ಸಲ ಕೇಳಿದ್ದೇನೋ.

"ಗೋಡೆಗೆ ಹೋಗ್ತದೆ ಕಣಕ್ಕ," ಎನ್ನುತ್ತಿದ್ದ ಅವನು.

"ಗೋಡೆಯಿಂದ ಎಲ್ಲಿಗೆ ಹೋಗ್ತದೆ?"

"ಅದು ನನ್ನ ರೂಟಲ್ಲ."

ಈ ವರ್ಷದ ಚಳಿಗಾಲದಲ್ಲಿ ಚೆಲುವಯ್ಯನ ಮಗಳು ದೇವೀರಿ ಊರಿನ ಆ ಕೊನೆಯ ಗಂಡನ ಮನೆಯಿಂದ ಹೆರಿಗೆಗೆಂದು ತವರಿಗೆ ಬಂದಳು. ತಾಯಿ ಇಲ್ಲದ ಮನೆ, ನಾನೇ ಹೋಗಿ ನಿಂತೆ. ಎಂಟನೇ ತಿಂಗಳಿಗೇ ಹೆಣ್ಣು ಕೂಸು ಹುಟ್ಟಿತು. ನನ್ನ ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಮಲಗಿ ಇನ್ನೂ ಜಾಗ ಉಳಿಯುತ್ತಿತ್ತು. ಅಳುವ ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು. ಡಾಕ್ಟರಮ್ಮ ಬಂದು ನೋಡಿ, "ನೀರು ಗೀರು ಹಾಕೋಕೆ ಹೋಗಬೇಡಿ, ಮೈ ಬೆಚ್ಚಗಿಟ್ಟುಕೊಳ್ಳಿ, ಎರಡು ತಿಂಗಳು ದಾಟಿದರೆ ಉಳೀತು," ಎಂದರು. ತಾಯಿಯ ಎದೆಗೆ ಕಟ್ಟೋಣವೆಂದರೆ ದೇವೀರಿಗೇ ಚಳಿಜ್ವರ ಹಿಡಿದು ಹಲ್ಲು ಕಟಕಟ ಎನ್ನುತ್ತಿತ್ತು. ಒಲೆಯ ಮುಂದೆ ಮಲಗಿಸೋಣವೆಂದರೆ ಹೊಗೆಗೆ ಕೂಸಿಗೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಹಂಡೆಯ ನೀರನ್ನು ಎರಡು ಚೊಂಬಿಗೆ ತುಂಬಿ, ಬಾಯಿ ಬಿಗಿದು, ಹಳೇ ಸೀರೆ ಸುತ್ತಿ, ಕೂಸಿನ ಎರಡೂ ಮಗ್ಗುಲಿಗೆ ಇಟ್ಟೆ. ಗಂಟೆಗೊಮ್ಮೆ ಚೊಂಬು ಬದಲಿಸಿದೆ. ಐದನೇ ದಿನ ಕೂಸು ಸಣ್ಣಗೆ ಅತ್ತಿತು. ಚೆಲುವಯ್ಯ ಬಾಗಿಲ ಹೊರಗೆ ನಿಂತು ಆ ಅಳುವನ್ನು ಕೇಳಿ ಮುಖ ಒರೆಸಿಕೊಂಡ.

ಮಾರನೆಯ ದಿನವೇ ಸಂತೆ ಮೈದಾನದಲ್ಲಿ ಮೈಕು ಕಟ್ಟಿ ರಕ್ಷಣೆಯ ಆಯವ್ಯಯ ಓದಿದರು. ಪ್ರತಿ ವರ್ಷ ಓದುತ್ತಾರೆ, ನಾವು ತರಕಾರಿ ಚೌಕಾಸಿ ಮಾಡುತ್ತ ಅರ್ಧ ಕಿವಿಯಲ್ಲಿ ಕೇಳುತ್ತೇವೆ. ಈ ಸಲ ಎಲ್ಲರ ಕೈಯೂ ಸೊಪ್ಪಿನ ಕಟ್ಟಿನ ಮೇಲೆ ನಿಂತುಬಿಟ್ಟಿತು. ಹಿಂದಿನ ಸಾಲಿನಲ್ಲಿ ಗೋಡೆಯ ಬಳಿ ಕಾಣಿಸಿಕೊಂಡ ಆಚೆಯವರ ತಲೆಗಳು ಒಂಬೈನೂರು, ಈ ಸಾಲಿನಲ್ಲಿ ಎರಡು ಸಾವಿರದ ಆರುನೂರು. ಆದ್ದರಿಂದ ಗೋಡೆಯನ್ನು ಇನ್ನೂ ಕಾಯಿಸಬೇಕಾಗಿದೆ. ಆದ್ದರಿಂದ ಹಂಡೆಯ ನೀರಿಗೂ ಅರ್ಧ ಪಾಲು. ನಾಳೆಯಿಂದಲೇ ಜಾರಿ, ಯಾರಿಗೂ ವಿನಾಯಿತಿ ಇಲ್ಲ.

ಮರುದಿನ ಚೆಲುವಯ್ಯ ತನ್ನ ಮನೆಯ ಬಚ್ಚಲಿಗೆ ತಾನೇ ಕೋಲು ತಂದ. ಉದ್ದನೆಯದು, ಹಂಡೆಗೆಂದೇ ಹೊಸದಾಗಿ ಮಾಡಿಸಿದ್ದು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮೊಮ್ಮಗಳ ಮೈಯಿಂದ ಕಿತ್ಕೊಂಡು ಹೋಗ್ತೀಯೇನಯ್ಯ?"

"ಅಕ್ಕ, ಕೋಲು ತಣ್ಣಗೆ ವಾಪಸ್ ಹೋದ್ರೆ ಒಲೆ, ಹಂಡೆ, ಎರಡಕ್ಕೂ ಸೀಲ್ ಹಾಕ್ತಾರೆ. ಆಗ ಅರ್ಧಾನೂ ಇರಾಕಿಲ್ಲ." ಅವನು ಕೋಲಿನ ಮುದ್ರೆಯನ್ನು ಹೆಬ್ಬೆರಳಲ್ಲಿ ಒರೆಸಿದ. "ನಾನು ಊರೋರ ಹತ್ರ ಇಸ್ಕೊಂಡು ನನ್ ಮನೇದು ಬಿಡಾಕೆ ಆಯ್ತದಾ, ನೀನೇ ಹೇಳು."

ನಾನು ಬಾಗಿಲು ಬಿಟ್ಟು ಸರಿದೆ. ಕೋಪ ಮಾತ್ರ ಇಳಿಯಲಿಲ್ಲ. ಅವನು ಕೋಲು ಅದ್ದಿ, ಕಣ್ಣು ಮುಚ್ಚಿಕೊಂಡು ಇಪ್ಪತ್ತು ಎಣಿಸಿದ. ಆ ನೀರು ತುಂಬಿದ ಚೊಂಬು ಕಾಲು ಗಂಟೆಯೂ ಬೆಚ್ಚಗಿರಲಿಲ್ಲ. ಮೂರು ದಿನದಲ್ಲಿ ಕೂಸಿನ ಅಳು ಮತ್ತೆ ನಿಂತಿತು. ಬೆರಳ ತುದಿ ನೇರಳೆಯಾಯಿತು. ದೇವೀರಿ ನನ್ನ ಸೆರಗು ಹಿಡಿದು, "ಅಜ್ಜಿ, ಇದು ಹೋಗ್ಬಿಡ್ತದಾ?" ಎಂದಳು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಗೆ ನಾನು ಬಾಯಿಗೆ ಬಂದ ಸಮಾಧಾನ ಹೇಳಿದ್ದೇನೆ. ಅವತ್ತು ಸೆರಗು ಬಿಡಿಸಿಕೊಂಡು ಕೋಟೆಯ ಕಡೆಗೆ ಹೊರಟೆ.

ಕೋಟೆಯ ದಳವಾಯಿಯ ಮೂಗೂ ನಾನೇ ತಿದ್ದಿದ್ದು. ಹುಟ್ಟಿದಾಗ ಅದು ಹುಣಸೆಬೀಜದ ಹಾಗೆ ಚಪ್ಪಟೆಯಾಗಿತ್ತು, ಅವನಮ್ಮನ ಹಟಕ್ಕೆ ಮೂರು ತಿಂಗಳು ಒತ್ತಿದ್ದೇನೆ. ಅದನ್ನೇ ಬಾಗಿಲಲ್ಲಿ ಹೇಳಿದೆ. ಕಾವಲಿನವರು ನಗು ತಡೆದುಕೊಂಡು ಒಳಗೆ ಬಿಟ್ಟರು. ದಳವಾಯಿ ಒಳ್ಳೆಯ ಮನುಷ್ಯನೇ. ಎದ್ದು ನಿಂತು ಕುರ್ಚಿ ಎಳೆದು ಕೊಟ್ಟ. ಮೇಜಿನ ಮೇಲೆ ಅವನ ಊಟದ ಡಬ್ಬಿಯಿತ್ತು, ಪಕ್ಕದಲ್ಲೇ ಅವನ ಮನೆಯ ಕೋಲು. ಅವನದೂ ಉಗುರುಬೆಚ್ಚನೆಯ ಅನ್ನವೇ ಎಂದು ನೋಡಿ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ನಾನು ಕೂಸಿನ ಸಂಗತಿ ಹೇಳಿದೆ. ಒಂದೇ ಒಂದು ಹಂಡೆ ಬಿಡಿ, ಎರಡು ತಿಂಗಳು ಸಾಕು ಎಂದೆ.

"ಒಂದು ಬಿಟ್ಟರೆ ನಾಳೆ ನೂರು ಜನ ಬಂದು ನಿಲ್ತಾರೆ ಅಜ್ಜಿ. ನೂರು ಹಂಡೆ ಬಿಟ್ಟರೆ ಗೋಡೆ ಆರುತ್ತೆ. ದೇಶ ಉಳಿದರೆ ತಾನೆ ಕೂಸು ಉಳಿಯೋದು?"

"ಆ ದೇಶ ಉಳಿಸೋ ಗೋಡೆ ಹೆಂಗೈತೆ, ಒಂದ್ ಸಲ ತೋರಿಸಿ ಸ್ವಾಮಿ. ಅರವತ್ತು ವರ್ಷದಿಂದ ಕೊಡ್ತಾ ಇವ್ನಿ, ಹತ್ರದಿಂದ ನೋಡಿಲ್ಲ."

ಯಾರೂ ಹೀಗೆ ಕೇಳಿರಲಿಲ್ಲವೋ ಏನೋ, ಅವನಿಗೆ ಖುಷಿಯೇ ಆಯಿತು. ಮರದ ಚಪ್ಪಲಿ ಕೊಡಿಸಿ ಕರೆದುಕೊಂಡು ಹೋದ. ಗೋಡೆಯ ಈಚೆಗೆ ಇಪ್ಪತ್ತು ಮಾರು ಅಗಲದ ಬಯಲು, ಒಂದು ನರಪಿಳ್ಳೆಯೂ ಇಲ್ಲ. ಸೈನಿಕರನ್ನು ಬಿಟ್ಟು ಬೇರೆಯವರು ಅಲ್ಲಿ ಕಾಲಿಡುವಂತಿಲ್ಲ, ಸೈನಿಕರು ಆ ಸೆಕೆಗೆ ಅಲ್ಲಿ ನಿಲ್ಲುವುದಿಲ್ಲ. ಗೋಡೆಯ ತುಂಬ ಸಣ್ಣ ಸಣ್ಣ ತೂತು, ಪ್ರತಿ ತೂತಿನಲ್ಲೂ ಒಂದು ಕೋಲು. ನನ್ನ ಮನೆಯ ಕೋಲೂ ಇದರಲ್ಲಿ ಎಲ್ಲೋ ಇರಬೇಕು ಎಂದುಕೊಂಡೆ. ಬಯಲಿನಲ್ಲಿ ಹೆಜ್ಜೆಯಿಟ್ಟ ಕೂಡಲೇ ಮಂಡಿ ನೋವು ಹಿತವಾಗಿ ಕರಗತೊಡಗಿತು. ದಳವಾಯಿ ಬೆವರು ಒರೆಸಿಕೊಳ್ಳುತ್ತಿದ್ದ, ನಾನು ಬಾಣಂತಿಯ ಬಚ್ಚಲಿಗೆ ಬಂದಷ್ಟು ಆರಾಮಾಗಿದ್ದೆ.

ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದು ಬುರುಜು. ಅದರ ಕಿಂಡಿಯಿಂದ ಆಚೆಯವರ ನೆತ್ತಿಗಳಷ್ಟೇ ಕಾಣುತ್ತವೆ. ಒಬ್ಬ ಸೈನಿಕ ನೆತ್ತಿಗಳನ್ನು ಎಣಿಸಿ ಗೀಟು ಹಾಕುತ್ತಿದ್ದ.

"ಇಷ್ಟೊಂದು ಜನ ಬಂದು ಏನ್ ಮಾಡ್ತಾರೆ?" ಎಂದೆ.

"ದಾಳಿಗೆ ತಯಾರಿ ಮಾಡ್ತಾರೆ. ಗೋಡೆ ಕಾಯಿಸಿದಷ್ಟೂ ಹೆಚ್ಚು ಬರ್ತಿದ್ದಾರೆ. ಅಷ್ಟು ಹಟ."

"ಬಗ್ಗಿ ನೋಡಿದ್ದೀರಾ?"

"ಅಂಚಿನ ಕಲ್ಲು ಮುಟ್ಟೋಕಾಗಲ್ಲ ಅಜ್ಜಿ. ಕೈ ಸುಟ್ಟುಹೋಗುತ್ತೆ. ಇಪ್ಪತ್ತು ವರ್ಷದಿಂದ ಯಾರೂ ಬಗ್ಗಿಲ್ಲ."

ನಾನು ಹೋಗಿ ಅಂಚಿನ ಕಲ್ಲಿನ ಮೇಲೆ ಅಂಗೈ ಊರಿದೆ. ದಳವಾಯಿ ಅಯ್ಯಯ್ಯೋ ಎಂದ. ಆದರೆ ಅದು ಹಂಡೆಯ ಕಂಠದಷ್ಟೇ ಬಿಸಿಯಿತ್ತು, ಹೆಚ್ಚೇನಿಲ್ಲ. ನಮ್ಮೂರಿನಲ್ಲಿ ಹುಟ್ಟಿದ ಸೈನಿಕರಿಗೆ ಅದು ಕೆಂಡವಾಗಿ ಕಂಡಿದ್ದರೆ ಅವರ ತಪ್ಪಲ್ಲ, ಪಾಪ, ಅವರು ಬಿಸಿ ಸಾರನ್ನೂ ಕಂಡವರಲ್ಲ. ನಾನು ಎರಡೂ ಕೈ ಊರಿ ಕತ್ತು ಹೊರಗೆ ಹಾಕಿ ಕೆಳಗೆ ನೋಡಿದೆ.

ಗೋಡೆಯ ಬುಡದ ಉದ್ದಕ್ಕೂ ಹೆಂಗಸರು ಕೂತು ಹಿಟ್ಟು ತಟ್ಟುತ್ತಿದ್ದರು. ತಟ್ಟಿದ ರೊಟ್ಟಿಯನ್ನು ಗೋಡೆಗೆ ಬಡಿದು ಅಂಟಿಸುತ್ತಿದ್ದರು, ಬೆಂದ ಮೇಲೆ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು. ಪಕ್ಕದಲ್ಲಿ ಚಾಪೆಯ ಮೇಲೆ ಹಪ್ಪಳ, ಸಂಡಿಗೆ. ಕಾವು ಕಡಿಮೆಯಿರುವ ಕಡೆ ಮುದುಕ ಮುದುಕಿಯರು ಸಾಲಾಗಿ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದರು. ಅವರ ನಡುವೆ ಬಟ್ಟೆ ಸುತ್ತಿದ ಪುಟ್ಟ ಪುಟ್ಟ ಕೂಸುಗಳನ್ನು ಗೋಡೆಗೆ ಒತ್ತಾಗಿ ಮಲಗಿಸಿದ್ದರು. ನನ್ನ ವಯಸ್ಸಿನ ಒಬ್ಬಾಕೆ ಕಾಲು ನೀಡಿ ಕೂತು, ಕಾಲ ಮೇಲೆ ಒಂದು ಕೂಸನ್ನು ಬೋರಲು ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಎರಡು ಮೆಲ್ಲಗೆ, ಒಂದು ಜೋರಾಗಿ. ನಾನು ತಟ್ಟುವುದೂ ಹಾಗೆಯೇ.

ಎಷ್ಟು ಹೊತ್ತು ನೋಡಿದೆನೋ. ಬಿಸಿ ಎಲ್ಲಿಗೆ ಹೋಗುತ್ತದೆ ಎಂಬ ನನ್ನ ಹುಟ್ಟಿನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮೊದಲು ನಗು ಬಂತು. ಆಮೇಲೆ ಹೊಟ್ಟೆ ಉರಿಯಿತು. ನಮ್ಮ ದೇವೀರಿಯ ಕೂಸು ಅಲ್ಲಿ ನೇರಳೆಯಾಗುತ್ತಿದೆ, ಅದರ ಬಿಸಿಯಲ್ಲಿ ಇವರು ಹಪ್ಪಳ ಒಣಗಿಸುತ್ತಿದ್ದಾರೆ. ಆದರೆ ಆ ಸಾಲಿನಲ್ಲಿ ಮಲಗಿದ್ದ ಕೂಸುಗಳ ಕೆನ್ನೆ ನೋಡಿದ ಮೇಲೆ ಆ ಉರಿಯೂ ಉಳಿಯಲಿಲ್ಲ.

"ಏನು ಕಾಣ್ತು?" ಎಂದ ದಳವಾಯಿ, ಪೆನ್ನು ಹಿಡಿದು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಏನಾಗುತ್ತದೆ ಎಂದು ನನಗೆ ಹೊಳೆಯಿತು. ಆಚೆಯವರು ನಮ್ಮ ಬಿಸಿ ಕದಿಯುತ್ತಿದ್ದಾರೆ ಎಂದು ಬರೆಯುತ್ತಾರೆ. ಕಳ್ಳತನ ತಡೆಯಲು ಆಚೆಗೆ ಇನ್ನೊಂದು ಗೋಡೆ ಎನ್ನುತ್ತಾರೆ. ಅದನ್ನು ಕಾಯಿಸಲು ಉಳಿದ ಅರ್ಧವೂ ಹೋಗುತ್ತದೆ. ಅಷ್ಟರಲ್ಲಿ ನಮ್ಮ ಕೂಸು ಇರುವುದಿಲ್ಲ. ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಯೋಚಿಸಿ, ಕಂಡದ್ದರಲ್ಲಿ ಒಂದೇ ಒಂದನ್ನು ಹೇಳಿದೆ.

"ಗೋಡೆಗೆ ಬೆನ್ನು ಕೊಟ್ಟು ಕೂತವ್ರೆ, ಸ್ವಾಮಿ. ಸಾಲಾಗಿ."

ದಳವಾಯಿಯ ಮುಖ ಬಿಳಿಚಿತು. "ಬೆನ್ನು ಕೊಟ್ಟು? ಅಂದರೆ ತಳ್ತಿದ್ದಾರೆ. ಗೋಡೇನ ತಳ್ತಿದ್ದಾರೆ."

ನಾನು ಸುಳ್ಳು ಹೇಳಲಿಲ್ಲ. ಅವನು ಅಂದುಕೊಂಡದ್ದನ್ನು ಸರಿಪಡಿಸಲೂ ಹೋಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ತಲೆ ಬೇರೆಯೇ ಓಡುತ್ತಿತ್ತು.

"ಆ ಕಡೆಯಿಂದ ಬೆನ್ನು ಕೊಟ್ರೆ ಈ ಕಡೆಯಿಂದಾನೂ ಯಾರಾರ ಕೊಡ್ಬೇಕಲ್ಲ," ಎಂದೆ.

"ನಮ್ಮ ಹುಡುಗರು ಆ ಸೆಕೇಲಿ ಅರ್ಧ ಗಂಟೆ ಕೂರೋಲ್ಲ."

"ಅವ್ರು ಯಾಕೆ? ಹೊರಗೆ ಕೆಲಸಕ್ಕೆ ಬೇಕಾದೋರು. ಬಾಣಂತೀರು, ಮುದುಕ್ರು, ಕೂಸುಗಳು, ಬೇರೆ ಯಾವ ಕೆಲಸಕ್ಕೂ ಬರ್ದೋರನ್ನ ಕೂರಿಸಿ. ನನ್ ಹತ್ರ ಒಬ್ಬಳು ಅವಳೆ. ನಾಳೆ ಬೆಳಿಗ್ಗೆನೇ ಕರ್ಕೊಂಡ್ ಬರ್ತೀನಿ."

ಅವನು ನನ್ನ ಮುಖ ನೋಡಿದ. ಏನಾದರೂ ಗೊತ್ತಾಯಿತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಆಮೇಲೆ ಕೂತು ಬರೆದ.

ಆದೇಶ ಸಂಜೆಗೇ ಹೊರಟಿತು. ಬೆನ್ನು ಪಡೆ ಎಂದು ಹೆಸರು. ಮಾರನೆಯ ಬೆಳಿಗ್ಗೆ ದೇವೀರಿಯನ್ನೂ ಕೂಸನ್ನೂ ಚೆಲುವಯ್ಯನ ಸೈಕಲ್ಲಿನ ಮೇಲೇ, ಕೋಲಿನ ಪೆಟ್ಟಿಗೆಯ ಕಂಬಳಿ ಹೊದಿಸಿ ಕರೆದುಕೊಂಡು ಹೋದೆವು. ಕಾವಲಿನವನು ರಿಜಿಸ್ಟರಿನಲ್ಲಿ ಬರೆದುಕೊಂಡ: ಕೂಸು, ಹೆಣ್ಣು, ಒಂದನೇ ನಂಬರು. ಚೆಲುವಯ್ಯ ಮೂವತ್ತು ವರ್ಷ ಕೋಟೆಯ ಚಾಕರಿ ಮಾಡಿದವನು, ಸೈನಿಕರನ್ನು ಕಂಡರೆ ಸಲಾಮು ಹೊಡೆಯುವುದು ರೂಢಿ. ಮೊಮ್ಮಗಳನ್ನು ಗೋಡೆಗೆ ಒತ್ತಾಗಿ ಮಲಗಿಸಿದ ಮೇಲೆ ಅವಳಿಗೂ ಒಂದು ಸಲಾಮು ಹೊಡೆದ. ಅವನು ತಮಾಷೆಗೆ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಸಿನ ಬೆರಳು ಕೆಂಪಾಯಿತು. ದೇವೀರಿ ಗೋಡೆಗೆ ಒರಗಿ, ಎಷ್ಟೋ ದಿನದ ಮೇಲೆ, ಬಾಯಿ ತೆರೆದುಕೊಂಡು ನಿದ್ದೆ ಹೋದಳು.

ವಾರ ಕಳೆಯುವಷ್ಟರಲ್ಲಿ ಊರಿನ ಬಾಣಂತಿಯರೆಲ್ಲ ಪಡೆಗೆ ಸೇರಿದರು. ಆಮೇಲೆ ಸೊಂಟನೋವಿನವರು, ಉಬ್ಬಸದವರು. ದೇಶಕ್ಕಾಗಿ ನನ್ನದೂ ಒಂದು ಬೆನ್ನಿರಲಿ ಎಂದುಕೊಂಡು ಬಂದವರೇ ಹೆಚ್ಚು, ಅದಕ್ಕೆ ನಾನು ನಗುವುದಿಲ್ಲ. ಬಂದವರು ಬರಿಗೈಲಿ ಬರುವುದನ್ನು ಬಿಟ್ಟು ಅನ್ನದ ಡಬ್ಬಿ ತಂದು ಪಕ್ಕದಲ್ಲಿಟ್ಟುಕೊಳ್ಳತೊಡಗಿದರು. ಗೋಡೆಯ ಈ ಮೈ ಆಚೆಯದರಷ್ಟು ಕಾಯುವುದಿಲ್ಲ, ಆದರೂ ಡಬ್ಬಿ ಮನೆಯಿಂದ ತಂದದ್ದಕ್ಕಿಂತ ತುಸು ಬೆಚ್ಚಗಾಗುತ್ತಿತ್ತು. ಒಬ್ಬರೂ ಆ ಮಾತೆತ್ತುತ್ತಿರಲಿಲ್ಲ. ಮನೆಯಲ್ಲಿ ಹಂಡೆಗಳಿಗೆ ಮಾತ್ರ ಈಗಲೂ ಕೋಲು ಬೀಳುತ್ತದೆ. ಗೋಡೆಗೆ ಬರಲಾರದವರು, ಹೊಲಕ್ಕೆ ಹೋಗುವವರು, ಅರೆಬಿಸಿ ನೀರಿನಲ್ಲಿ ನಡುಗಿಕೊಂಡು ಮೀಯುತ್ತಾರೆ. ಅವತ್ತು ನಾನು ಬೇರೆ ಮಾತು ಹೇಳಿದ್ದರೆ ಅದು ತಪ್ಪುತ್ತಿತ್ತೋ ಏನೋ. ಒಂದು ಕೂಸಿಗಾಗಿ ಹೇಳಿದೆ. ಅದರ ಭಾರ ನನ್ನ ಮೇಲಿದೆ, ಇಲ್ಲವೆನ್ನಲಾರೆ.

ಎರಡು ತಿಂಗಳು ದಾಟಿತು. ಡಾಕ್ಟರಮ್ಮ ಬಂದು ಕೂಸನ್ನು ಎತ್ತಿ ನೋಡಿ, ಇನ್ನು ನೀರು ಹಾಕಬಹುದು ಎಂದರು. ಗೋಡೆಯ ಬುಡದಲ್ಲೇ ಹಾಕೋಣವೆಂದು ನಾನು ಹಟ ಹಿಡಿದೆ. ಹಿಂದಿನ ಸಂಜೆಯೇ ನೀರಿನ ಕೊಡವನ್ನು ಗೋಡೆಗೆ ತಾಗಿಸಿ ಇಟ್ಟಿದ್ದರಿಂದ ಹದವಾಗಿ ಕಾದಿತ್ತು. ಮಳೆ ನೀರು ಹರಿದುಹೋಗಲೆಂದು ಅಲ್ಲಿ ಗೋಡೆಯ ಅಡಿಯಲ್ಲಿ ಒಂದು ತೂಬು ಇದೆ, ಮೊಣಕೈ ತೂರುವಷ್ಟು. ಅದರ ಪಕ್ಕದಲ್ಲೇ ಕಾಲು ನೀಡಿ ಕೂತೆ. ದೇವೀರಿ ನೀರು ಹೊಯ್ದಳು, ನಾನು ಎಣ್ಣೆ ತಿಕ್ಕಿ ಬೆನ್ನು ತಟ್ಟಿದೆ. ಎರಡು ಮೆಲ್ಲಗೆ, ಒಂದು ಜೋರಾಗಿ. ಕೂಸು ಕಿಟಾರನೆ ಕಿರುಚಿತು. ಅಂಥ ಜೋರಾದ ಅಳುವನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು.

ನೀರು ತೂಬಿನಲ್ಲಿ ಇಳಿದು ಆಚೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆಚೆಯಿಂದಲೂ ಸದ್ದು ಕೇಳಿಸಿತು. ಎರಡು ಮೆಲ್ಲಗೆ, ಒಂದು ಜೋರಾಗಿ. ನಾನು ತಟ್ಟುವುದನ್ನು ನಿಲ್ಲಿಸಿದೆ. ಆಚೆಯೂ ನಿಂತಿತು. ಮತ್ತೆ ತಟ್ಟಿದೆ, ಮತ್ತೆ ಕೇಳಿಸಿತು. ಆಮೇಲೆ ತೂಬಿನ ಬಾಯಲ್ಲಿ ಒಂದು ಕೈ ಕಾಣಿಸಿತು. ದಿನವಿಡೀ ನೀರಿನಲ್ಲಿದ್ದು ಬೆರಳ ತುದಿಗಳು ಸುಕ್ಕುಗಟ್ಟಿದ್ದವು, ಅಂಗೈ ನನ್ನದರ ಹಾಗೇ ಚಕ್ಕಳವಾಗಿತ್ತು. ಎಲೆಯಲ್ಲಿ ಸುತ್ತಿದ್ದ ಒಂದು ರೊಟ್ಟಿಯನ್ನು ನಮ್ಮ ಕಡೆಗೆ ತಳ್ಳಿ ಕೈ ಹಿಂದಕ್ಕೆ ಹೋಯಿತು. ಎಲೆ ಬಿಚ್ಚಿದರೆ ಹಬೆ ಎದ್ದಿತು. ದೇವೀರಿ ಹೆದರಿ ಹಿಂದೆ ಸರಿದಳು. ತಿನ್ನುವ ಹೊತ್ತಿನಲ್ಲಿ ಊಟದಿಂದ ಹಬೆ ಏಳುವುದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಅದೇ ಹೊತ್ತಿಗೆ ಕೋಲುಗಳ ಪೆಟ್ಟಿಗೆ ಹೊತ್ತುಕೊಂಡು ಚೆಲುವಯ್ಯ ಬಂದ. ರೊಟ್ಟಿಯನ್ನು ನೋಡಿದ, ತೂಬನ್ನು ನೋಡಿದ, ನನ್ನ ಮುಖ ನೋಡಿದ. ಕೋಟೆಗೆ ಓಡಿಹೋಗಿ ಹೇಳುವ ಮನುಷ್ಯನಲ್ಲ, ಆದರೆ ಎಣಿಕೆ ತಪ್ಪಿಸುವವನೂ ಅಲ್ಲ. ಅವನು ಸೊಂಟದಿಂದ ತಣ್ಣನೆಯ ಕೋಲೊಂದನ್ನು ತೆಗೆದು, ಮೂವತ್ತು ವರ್ಷದ ರೂಢಿಯಂತೆ, ರೊಟ್ಟಿಯ ಮೇಲೆ ಹಿಡಿದ. ಒಂದು, ಎರಡು ಎಂದು ತುಟಿ ಅಲುಗಿತು. ಮೂರಕ್ಕೆ ನಿಂತುಬಿಟ್ಟ. ಗೋಡೆಯ ತೂತುಗಳಲ್ಲಿದ್ದ ಕೋಲುಗಳನ್ನೊಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಅವೆಲ್ಲ ಅವನೇ ಮನೆ ಮನೆಯಿಂದ ತಂದುಕೊಟ್ಟವು.

"ಇದಕ್ಕೆ ಆಗ್ಲೇ ಕೊಟ್ಟಿದ್ದೀವಿ ಕಣಕ್ಕ," ಎಂದ. ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಊದಬೇಕೆಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳುವಷ್ಟರಲ್ಲಿ ರೊಟ್ಟಿ ಮುರಿದು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು, ಆದರೂ ಉಗುಳಲಿಲ್ಲ. ನುಂಗಿ, "ಇದಾ ನಾನು ಇಷ್ಟ್ ದಿನ ಹೊತ್ತಿದ್ದು?" ಎಂದು ಕೇಳಿದ.

ಆಮೇಲಿನ ಮೂರು ದಿನ ಚೆಲುವಯ್ಯ ತೊದಲುತ್ತಲೇ ಮನೆ ಮನೆಗೆ ಕೋಲು ಕೇಳಿಕೊಂಡು ಹೋದ. ಊರಿಗೆಲ್ಲ ಗೊತ್ತಾಯಿತು. ಯಾರೂ ಏನೂ ಕೇಳಲಿಲ್ಲ.